ಸಾಕಿ ಕಳಿಸುವ ಕೆಲಸ

ಕಳೆದ ವಾರ ಅನ್ನಪೂರ್ಣೇಶ್ವರಿ ನಗರದಿಂದ ದೀಪಾ ಎಂಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಹುಡುಗಿ ಎಂದೆ, ಮದುವೆಯಾಗಿದೆ, ಶಾಲೆಗೆ ಹೋಗುವ ಮಗನಿದ್ದಾನೆ. ನನ್ನ ವಯಸ್ಸಿಗೆ ಅವಳು ಹುಡುಗಿಯೇ. ಗಂಡ ಹೆಂಡತಿ ಸೇರಿ ಪೋಷಕ ಕುಟುಂಬವಾಗಲು ಅರ್ಜಿ ಹಾಕಿದ್ದಾರೆ. ಹೆತ್ತವರ ಹತ್ತಿರ ಸದ್ಯಕ್ಕೆ ಇರಲಾಗದ ಮಗುವನ್ನು ಮನೆಗೆ ಕರೆತಂದು, ಕೆಲವು ಕಾಲ ಸಾಕಿ, ಆಮೇಲೆ ಅದು ಸೇರಬೇಕಾದ ಕಡೆಗೆ ಕಳಿಸಿಕೊಡುವ ಕೆಲಸ ಇದು. ದತ್ತು ಬೇರೆ, ಇದು ಬೇರೆ. ದತ್ತು ತೆಗೆದುಕೊಂಡ ಮಗು ನಿಮ್ಮದು. ಈ ಮಗು ನಿಮ್ಮದಲ್ಲ ಎಂದು ಗೊತ್ತಿದ್ದೂ ನಿಮ್ಮದೇ ಎಂಬಂತೆ ನೋಡಿಕೊಳ್ಳಬೇಕು.

“ಟ್ರೈನಿಂಗಲ್ಲಿ ಎಲ್ಲಾ ಹೇಳಿದ್ರು ಆಂಟಿ. ಆದ್ರೆ ನಿಜವಾಗ್ಲೂ ಹೇಗಿರುತ್ತೆ ಅಂತ ಯಾರೂ ಹೇಳ್ಲಿಲ್ಲ,” ಎಂದಳು.

ಕಾಫಿ ಕೊಟ್ಟು, ತೋಚಿದ ನಾಲ್ಕು ಮಾತು ಹೇಳಿ ಕಳಿಸಿದೆ. ಅವಳ ಸ್ಕೂಟರ್ ತಿರುವು ದಾಟುವಷ್ಟರಲ್ಲೇ, ಹೇಳಬೇಕಾದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯೊಳಗಿನ ಕೆಲಸಕ್ಕೆ ನಿವೃತ್ತಿ ಎಂಬುದಿಲ್ಲ ಎನ್ನುತ್ತಾರೆ. ನನಗೆ ನನ್ನ ಮೊಣಕಾಲುಗಳೇ ನಿವೃತ್ತಿ ಕೊಟ್ಟಿವೆ. ಓಡುವ ಮಗುವಿನ ಹಿಂದೆ ಓಡಲಾರದವಳು ಈ ಕೆಲಸದಲ್ಲಿರಬಾರದು. ಸನ್ಮಾನವೆಂದು ನನಗೆ ಹೊದೆಸಿದ ಶಾಲುಗಳ ಕಥೆಯನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅವು ಒಂದೊಂದಾಗಿ ಮಕ್ಕಳ ಹೊದಿಕೆಯಾಗಿ ಸವೆದುಹೋದವು. ಅವುಗಳಿಗೆ ಅದೇ ಸರಿಯಾದ ಗತಿ.

ನಾನು ದಾವಣಗೆರೆಯವಳು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದೆ. ನಮ್ಮವರಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮಗಳು ಶ್ರುತಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಬೀದಿಯ ಮಹಿಳಾ ಸಮಾಜಕ್ಕೆ ಸೇರಿದೆ. ಹಬ್ಬ ಬಂದರೆ ನಾವು ಹತ್ತಾರು ಹೆಂಗಸರು ರೇಷ್ಮೆ ಸೀರೆ ಉಟ್ಟು, ಪಾತ್ರೆ ತುಂಬ ಪಾಯಸ ಹೊತ್ತು, ಅನಾಥ ಮಕ್ಕಳ ಒಂದು ಸಂಸ್ಥೆಗೆ ಹೋಗುತ್ತಿದ್ದೆವು. ಮಕ್ಕಳು ಸಾಲಾಗಿ ನಿಂತು ಕೈಮುಗಿಯುತ್ತಿದ್ದವು. ನಮಗೆ ಕಣ್ಣು ತುಂಬಿ ಬರುತ್ತಿತ್ತು. ಒಂದು ಸಲ ಆ ಸಂಸ್ಥೆಯನ್ನು ನಡೆಸುತ್ತಿದ್ದ ಕಮಲಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

“ನಿಮ್ಮ ಹೆಸರೇನಮ್ಮ?”

“ನೀಲಾಂಬಿಕೆ, ಮೇಡಂ.”

“ನೀಲಾ, ತಪ್ಪು ತಿಳ್ಕೋಬೇಡಿ. ಈ ಮಕ್ಕಳಿಗೆ ಪಾಯಸಕ್ಕೇನೂ ಕೊರತೆ ಇಲ್ಲ. ಬಂದವರಿಗೆಲ್ಲ ಕೈಮುಗಿದು ಮುಗಿದು ಸುಸ್ತಾಗಿದಾವೆ. ನಿಮ್ಮ ಕೈಲಾದ್ರೆ ಒಂದು ಮಗುನ ಮನೆಗೆ ಕರ್ಕೊಂಡು ಹೋಗಿ. ದತ್ತು ಹೋಗೋ ತನಕ ಸಾಕಿ ಕೊಡಿ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಎರಡು ದಿನ ಅವರ ಮೇಲೆ ಸಿಟ್ಟಿತ್ತು. ಮೂರನೆಯ ದಿನ ನಮ್ಮವರನ್ನು ಕೇಳಿದೆ. “ಅಮ್ಮ ಒಪ್ಪಿದ್ರೆ ನನ್ನದೇನೂ ಇಲ್ಲ,” ಎಂದು ಅವರು ನುಣುಚಿಕೊಂಡರು.

ಅಮ್ಮ ಎಂದರೆ ನಮ್ಮತ್ತೆ. ರಾಣೆಬೆನ್ನೂರಿನವರು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವರಲ್ಲ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತು ಬೆಂಗಳೂರಿಗೆ ಬಂದಿರಲಿಲ್ಲ. ಕೇಳುವ ಧೈರ್ಯವಾಗದೆ ನಾನು ತಂದೇಬಿಟ್ಟ ಗಂಡುಕೂಸನ್ನು ದೂರದಿಂದ ನೋಡಿ ಕೇಳಿದರು.

“ಯಾರ ಪೈಕಿ ಕೂಸು ಇದು?”

“ಗೊತ್ತಿಲ್ಲ ಅತ್ತೆ.”

“ಗೊತ್ತಿಲ್ಲದ್ದನ್ನ ಯಾಕ ತಂದಿ?”

ನಾನು ಬಚ್ಚಲಿಗೆ ಹೋಗಿ ಮಗುವಿಗೆ ನೀರು ಹಾಕಲು ಕುಳಿತೆ. ಶ್ರುತಿಗೆ ಎರೆದದ್ದೆಲ್ಲ ನನ್ನ ತಾಯಿ, ನನಗೆ ಅಭ್ಯಾಸವಿರಲಿಲ್ಲ. ಮಗು ಜಾರಿತು, ಕಿರುಚಿತು. ಅತ್ತೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು. “ಹಂಗಲ್ಲ ಹಿಡಿಯೋದು. ಏಳು ಅತ್ಲಾಗ,” ಎಂದು ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಮಗುವನ್ನು ಬೋರಲು ಹಾಕಿಕೊಂಡರು. ಎಣ್ಣೆ ನೀವಿ ಬಿಸಿನೀರು ಎರೆದರು. ಲೋಬಾನದ ಹೊಗೆ ಹಿಡಿದರು. ಹಳೆಯ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ, ತಮ್ಮ ವಿಭೂತಿಯ ಗಟ್ಟಿಯಿಂದ ಅದರ ಹಣೆಗೆ ಗೆರೆ ಎಳೆದರು.

“ತಗೋ. ಇನ್ನ ಇದು ನಮ್ಮ ಪೈಕಿ,” ಎಂದರು.

ಅಂದಿನಿಂದ ನಮ್ಮ ಮನೆಗೆ ಬಂದ ಎಷ್ಟೋ ಕೂಸುಗಳು ಆ ಕಾಲುಗಳ ಮೇಲೆ ಮಲಗಿ ನೀರು ಹಾಕಿಸಿಕೊಂಡಿವೆ. ಪೈಕಿಯ ಪ್ರಶ್ನೆ ಮತ್ತೆ ಬರಲಿಲ್ಲ.

ಆ ಮೊದಲ ಮಗುವನ್ನು ಗುಂಡ ಎಂದು ಕರೆಯುತ್ತಿದ್ದೆವು. ಅವನನ್ನು ದತ್ತು ತೆಗೆದುಕೊಳ್ಳಲು ಮೈಸೂರಿನ ದಂಪತಿ ಬಂದರು. ಕೊಡುವ ಹಿಂದಿನ ದಿನ ನಾನು ಅವನ ಬಟ್ಟೆ, ಹೊದಿಕೆ, ತೊಟ್ಟಿಲ ದುಪ್ಪಟಿ ಎಲ್ಲವನ್ನೂ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಹಾಕಿಸಿದೆ. ಹೊಸ ಅಂಗಿ ತೊಡಿಸಿದೆ. ಚಿಕ್ಕಪೇಟೆಯ ಅಂಗಡಿಯಿಂದ ಈಗತಾನೇ ತಂದ ಗೊಂಬೆಯ ಹಾಗಿದ್ದ. ಆಗೆಲ್ಲ ಒಪ್ಪಿಸುವ ಪದ್ಧತಿ ಹೀಗಿತ್ತು: ಸಂಸ್ಥೆಯ ಕಚೇರಿಯಲ್ಲಿ ಮಗುವನ್ನು ಕೊಟ್ಟು, ಸಾಕಿದವಳು ಹಿಂದಿನ ಬಾಗಿಲಿನಿಂದ ಹೊರಟುಬಿಡಬೇಕು. ಅತ್ತು ರಂಪ ಮಾಡಬಾರದೆಂದು.

ವಾರದ ಮೇಲೆ ಕಮಲಾ ಮೇಡಂ ಕರೆಸಿದರು. ಮಗು ಅತ್ತು ಅತ್ತು ಹಾಲು ಬಿಟ್ಟಿದೆಯಂತೆ. ಆ ತಾಯಿ ಕಂಗಾಲಾಗಿ ಫೋನು ಮಾಡಿದ್ದಾಳೆ.

“ಏನೇನು ಕಳಿಸಿದ್ರಿ ಮಗು ಜೊತೆ?” ಎಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ, ಎಲ್ಲವನ್ನೂ ಒಗೆದು ಕೊಟ್ಟೆನೆಂದು. ಅವರು ಹಣೆ ಚಚ್ಚಿಕೊಂಡರು.

“ಅಯ್ಯೋ, ನಿಮ್ಮ ಮನೆ ವಾಸನೆನೆಲ್ಲ ತೊಳೆದು ಕಳಿಸಿದ್ದೀರಲ್ಲ ನೀಲಾ! ಆ ಮಗುಗೆ ಗೊತ್ತಿದ್ದಿದ್ದು ಅದೊಂದೇ. ಹೋಗಿ, ನಿಮ್ಮತ್ತೆದೋ ನಿಮ್ಮದೋ ಉಟ್ಟು ಬಿಟ್ಟ ಸೀರೆ ಇದ್ರೆ ತನ್ನಿ. ಒಗೀಬೇಡಿ ಮತ್ತೆ.”

ಅತ್ತೆಯ ಹಳೆಯ ಇಳಕಲ್ ಸೀರೆಯೊಂದು ಆ ಸಂಜೆಯೇ ಮೈಸೂರಿಗೆ ಹೋಯಿತು. ಅದರಲ್ಲಿ ಸುತ್ತಿ ಮಲಗಿಸಿದಾಗ ಗುಂಡ ನಿದ್ದೆ ಹೋದನಂತೆ. ಆಮೇಲೆ ಕಮಲಾ ಮೇಡಂ ಪದ್ಧತಿಯನ್ನೇ ಬದಲಾಯಿಸಿದರು. ಹೊಸ ತಂದೆತಾಯಿ ಮೊದಲು ನಮ್ಮ ಮನೆಗೆ ಬಂದು ದಿನಗಟ್ಟಲೆ ಇದ್ದು ಮಗುವಿಗೆ ಉಣಿಸಬೇಕು, ಅತ್ತೆಯ ಬೈಗುಳ ಕೇಳುತ್ತ ಎರೆಯುವುದನ್ನು ಕಲಿಯಬೇಕು. ಹಿಂದಿನ ಬಾಗಿಲು ಮುಚ್ಚಿತು. ಬೀಳ್ಕೊಡುವಾಗ ಅಳು ಬಂದರೆ ಎಲ್ಲರೂ ಕೂಡಿ ಅಳುತ್ತಿದ್ದೆವು.

ದೀಪಾ, ನಿನಗೂ ಒಬ್ಬ ಮಗನಿದ್ದಾನೆ, ಅದಕ್ಕೇ ಇದನ್ನು ಹೇಳುತ್ತೇನೆ. ಗುಂಡ ಹೋದ ಮೇಲೆ ಶ್ರುತಿ ತನ್ನ ಬಟ್ಟೆಗಳನ್ನೆಲ್ಲ ಮಂಚದ ಕೆಳಗೆ ಬಚ್ಚಿಡತೊಡಗಿದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ದಿನ ಊಟ ಮಾಡುತ್ತ, “ಅಮ್ಮಾ, ನನ್ನ ಬಟ್ಟೆನೂ ಇಸ್ತ್ರಿ ಹಾಕಿಸ್ತೀಯಾ?” ಎಂದಳು. ಆ ಪ್ರಶ್ನೆಯ ಅರ್ಥ ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಎಂಜಲು ಕೈಯಲ್ಲೇ ಅವಳನ್ನು ಬಾಚಿ ತಬ್ಬಿಕೊಂಡೆ. ಮುಂದೆ ಯಾವ ಮಗು ಬರುವುದಿದ್ದರೂ ಮೊದಲು ಅವಳನ್ನು ಕೂರಿಸಿಕೊಂಡು, ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನೀನು ಯಾಕೆ ಎಲ್ಲಿಗೂ ಹೋಗುವುದಿಲ್ಲ ಎಂದು ಬಿಡಿಸಿ ಹೇಳುತ್ತಿದ್ದೆ.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ: “ಜಾಸ್ತಿ ಹಚ್ಕೋಬೇಡಿ, ಆಮೇಲೆ ಕಷ್ಟ.” ಪಕ್ಕದ ಮನೆಯವರು ಹೇಳಿದರು, ನನ್ನ ಅಕ್ಕ ಹೇಳಿದಳು. ಕಮಲಾ ಮೇಡಂ ಮಾತ್ರ ಬೇರೆ ಹೇಳಿದರು. “ಹಚ್ಕೊಳ್ಳದೆ ಸಾಕ್ತೀನಿ ಅನ್ನೋರು ನನಗೆ ಬೇಡ ನೀಲಾ. ಅವರಿಗೆ ಕಷ್ಟ ಆಗಲ್ಲ, ಮಗುಗೆ ಆಗುತ್ತೆ. ನೀವು ಹಚ್ಕೊಳ್ಳಿ. ಬಿಡೋವಾಗ ನೋವಾಗ್ಲಿ. ನೀವು ದೊಡ್ಡೋರು, ತಡ್ಕೋತೀರಿ.” ಈ ಕೆಲಸದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಮಾತಿನಲ್ಲಿದೆ. ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ತೋರಿಸಿದವಳು ಪವಿತ್ರಾ.

ಕಾಲ ಬದಲಾಗಿತ್ತು. ಕಾನೂನು ಬದಲಾಗಿ, ಹಸುಗೂಸುಗಳ ಬದಲು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಪೋಷಕ ಮನೆಗಳಿಗೆ ಬರಲು ಶುರುವಾಗಿತ್ತು. ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿಲ್ಲದೆ ಯಾವ ಮಗುವೂ ಬರುವಂತಿಲ್ಲ, ಹೋಗುವಂತಿಲ್ಲ. ಶ್ರುತಿ ಮದುವೆಯಾಗಿ ಪುಣೆಗೆ ಹೋಗಿದ್ದಳು. ನಮ್ಮವರು ನಿವೃತ್ತರಾಗಿದ್ದರು. ಅತ್ತೆ ಎಂಬತ್ತು ದಾಟಿದ್ದರು. ಇನ್ನು ಸಾಕು ಎಂದು ನಾವು ಅಂದುಕೊಂಡಿರುವಾಗ ಬಂದವಳು ಪವಿತ್ರಾ. ಏಳು ವರ್ಷದ ಹುಡುಗಿ.

ಅವಳ ತಾಯಿ ಹುಲಿಗೆವ್ವ ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ಗಂಡ ತೀರಿಕೊಂಡಿದ್ದ. ಮಲ್ಲತ್ತಹಳ್ಳಿಯ ಹತ್ತಿರ ಒಂದು ಕಟ್ಟಡದ ಸಾರುವೆಯಿಂದ ಬಿದ್ದು ಅವಳ ಸೊಂಟ, ಕಾಲು ಮುರಿದು ಸರ್ಕಾರಿ ಆಸ್ಪತ್ರೆ ಸೇರಿದ್ದಳು. ಜೊತೆಯ ಕೆಲಸದವರು ಸ್ವಲ್ಪ ದಿನ ಮಗುವನ್ನು ನೋಡಿಕೊಂಡರು. ಕೆಲಸ ಮುಗಿದು ಅವರು ಬೇರೆ ಊರಿಗೆ ಹೊರಟಾಗ ಮಗುವನ್ನು ಸಮಿತಿಯ ಮುಂದೆ ತಂದರು. ಸಮಿತಿ ನಮಗೆ ಒಪ್ಪಿಸಿತು.

ಪವಿತ್ರಾಳ ಬೆನ್ನ ಮೇಲೊಂದು ಜಡೆಯಿತ್ತು. ಸಿಮೆಂಟಿನ ಧೂಳು ಕುಳಿತು ಹಗ್ಗದಂತೆ ಗಟ್ಟಿಯಾಗಿತ್ತು. ತುದಿಗೆ ಕೆಂಪು ಟೇಪು. ತಲೆ ತುಂಬ ಹೇನು. ಅದನ್ನು ಮುಟ್ಟಲು ಹೋದರೆ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಮೂಲೆಗೆ ಸರಿಯುತ್ತಿದ್ದಳು.

“ಕತ್ತರಿ ತಗೊಂಡು ಕತ್ತರಿಸಿಬಿಡು. ಕೂದ್ಲ ಮತ್ತ ಬೆಳೀತೈತಿ,” ಎಂದರು ಅತ್ತೆ.

ನನಗೆ ಮನಸ್ಸಾಗಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕುಳಿತು ಕೇಳಿದೆ. “ಯಾಕೆ ಪುಟ್ಟಿ, ಬಿಚ್ಚಬಾರದಾ?”

“ನಮ್ಮವ್ವ ಹಾಕಿದ್ದು,” ಎಂದಳು.

ಬಿದ್ದ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ತಾಯಿ ಹಾಕಿದ ಜಡೆ ಅದು. ಅತ್ತೆಗೆ ಅದು ಕೇಳಿಸಿತು. ಅವರು ಎದ್ದು ಹೋಗಿ ಕತ್ತರಿಯನ್ನು ಹೊಲಿಗೆ ಡಬ್ಬಿಗೆ ಹಾಕಿ ಮುಚ್ಚಿದರು.

ಸಮಿತಿಯ ಅನುಮತಿ ಪಡೆದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಲಿಗೆವ್ವನ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಅಲುಗಾಡುವಂತಿರಲಿಲ್ಲ. ಪವಿತ್ರಾ ಮಂಚದ ಕಾಲ ಬಳಿಯೇ ನಿಂತುಬಿಟ್ಟಳು. ತಾಯಿ ಕೈ ಚಾಚಿದಳು. ಮಗು ಮೆಲ್ಲಗೆ ಹೋಗಿ ತಲೆಯ ಹತ್ತಿರ ಬೆನ್ನು ತಿರುಗಿಸಿ ಕುಳಿತುಕೊಂಡಿತು. ಹುಲಿಗೆವ್ವ ಜಡೆಯನ್ನು ಮುಟ್ಟಿ ನೋಡಿದಳು. ಅವಳಿಗೆ ತಿಳಿಯಿತು.

“ಇನ್ನಾ ಬಿಚ್ಚಿಲ್ಲೇನ ನನ ಕೂಸ?”

ಮಲಗಿದಲ್ಲೇ ಟೇಪು ಬಿಚ್ಚಿ, ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸಿದಳು. ನಾನು ಚೀಲದಿಂದ ಬಾಚಣಿಗೆ ಕೊಟ್ಟೆ. ಸಿಮೆಂಟಿನ ಪುಡಿ ಹಾಸಿಗೆಯ ಮೇಲೆ ಉದುರಿತು. ಬಾಚಿ ಮುಗಿದ ಮೇಲೆ ಮಗಳ ತಲೆಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು. “ಇನ್ನ ಮ್ಯಾಲ ಈ ಅಕ್ಕಾರು ಹಾಕ್ತಾರ. ನಾ ಹೇಳೀನಲ್ಲ, ಹಾಕಿಸ್ಕೋ.”

ಅಂದಿನಿಂದ ಪವಿತ್ರಾ ಜಡೆಗೆ ನನ್ನ ಮುಂದೆ ಕೂರತೊಡಗಿದಳು. ಜಡೆ ಹಾಕುವಷ್ಟು ಹೊತ್ತು ಮಾತು, ಮಾತು. ಶಾಲೆಗೆ ಸೇರಿಸಿದೆವು. ನಮ್ಮವರು ಹಳೆಯ ಸೈಕಲ್ಲೊಂದನ್ನು ತಂದು, ಬಿಚ್ಚಿ ಜೋಡಿಸಿ, ನೀಲಿ ಬಣ್ಣ ಹೊಡೆದರು. ಸಂಜೆಯಾದರೆ ಅದರ ಹಿಂದೆ ಬೀದಿಯುದ್ದಕ್ಕೂ ಓಡುತ್ತಿದ್ದರು. ಕಾರ್ಖಾನೆಯಲ್ಲಿದ್ದಷ್ಟು ಕಾಲ ಅವರು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹುಲಿಗೆವ್ವ ಆಸ್ಪತ್ರೆಯಿಂದ ಬಿಡುಗಡೆಯಾಗಿ ಕೆಂಗೇರಿಯ ಒಂದು ಆಶ್ರಯ ಕೇಂದ್ರ ಸೇರಿದಳು. ಒಂದು ಕಾಲು ಗಿಡ್ಡವಾಗಿತ್ತು, ಭಾರ ಹೊರುವಂತಿರಲಿಲ್ಲ, ಬಗ್ಗುವಂತಿರಲಿಲ್ಲ. ಭಾನುವಾರ ಬಂದರೆ ಕೋಲೂರಿಕೊಂಡು ಬಸ್ಸು ಬದಲಿಸಿ ನಮ್ಮ ಮನೆಗೆ ಬರುತ್ತಿದ್ದಳು. ಮಗಳಿಗೆ ಶೇಂಗಾ ಉಂಡೆಯೋ ಪುಟಾಣಿಯೋ ತರುತ್ತಿದ್ದಳು. ಅಷ್ಟರಲ್ಲಿ ಪವಿತ್ರಾ ನನ್ನನ್ನು ಆಂಟಿ ಎನ್ನುವುದನ್ನು ಬಿಟ್ಟು, ಶಾಲೆಯ ಬೇರೆ ಮಕ್ಕಳ ಹಾಗೆ ಅಮ್ಮ ಎನ್ನತೊಡಗಿದ್ದಳು. ತಾಯಿ ಅವ್ವ, ನಾನು ಅಮ್ಮ. ನಾನು ತಿದ್ದಲಿಲ್ಲ. ಆ ಪದ ಕಿವಿಗೆ ಬಹಳ ಹಿತವಾಗಿತ್ತು.

ಒಂದು ಭಾನುವಾರ ಹುಲಿಗೆವ್ವ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದಳು. ಪವಿತ್ರಾ ತಾಯಿಗೆ ತೋರಿಸಲೆಂದು ಜೋರಾಗಿ ಸೈಕಲ್ ಬಿಟ್ಟಳು. ಮೋರಿಯ ಚಪ್ಪಡಿಗೆ ಚಕ್ರ ತಗುಲಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಹುಲಿಗೆವ್ವ ಕೋಲು ಹಿಡಿದು ಅರ್ಧ ಎದ್ದಿದ್ದಳು. ಮಗು “ಅಮ್ಮಾ!” ಎಂದು ಕೂಗುತ್ತ ಅವಳನ್ನು ದಾಟಿ ಓಡಿ ಬಂದು, ಬಾಗಿಲಲ್ಲಿದ್ದ ನನ್ನ ಸೊಂಟವನ್ನು ಅಪ್ಪಿಕೊಂಡಿತು.

ಹುಲಿಗೆವ್ವ ಮೆಲ್ಲಗೆ ಮತ್ತೆ ಕುಳಿತುಕೊಂಡಳು. ಅವತ್ತು ಬೇಗ ಹೊರಟಳು. ಮುಂದಿನ ಭಾನುವಾರ ಬರಲಿಲ್ಲ. ಅದರಾಚೆಯ ಭಾನುವಾರವೂ ಬರಲಿಲ್ಲ.

ಪವಿತ್ರಾ ಏನೂ ಕೇಳಲಿಲ್ಲ. ಭಾನುವಾರ ಎದ್ದ ಕೂಡಲೇ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಕೂರುತ್ತಿದ್ದಳು. ತಿಂಡಿಗೆ ಕರೆದರೆ ಬರುತ್ತಿರಲಿಲ್ಲ. ಸೈಕಲ್ ಮುಟ್ಟಲಿಲ್ಲ. ನನ್ನನ್ನು ಮತ್ತೆ ಆಂಟಿ ಎನ್ನತೊಡಗಿದಳು. ಅಮ್ಮ ಎಂದದ್ದಕ್ಕೇ ಅವ್ವ ಬರುತ್ತಿಲ್ಲ ಎಂದು ಆ ಪುಟ್ಟ ತಲೆ ತಾನೇ ಲೆಕ್ಕ ಹಾಕಿತ್ತು.

ನಾನು ಕೆಂಗೇರಿಗೆ ಹೋದೆ. ಆಶ್ರಯ ಕೇಂದ್ರದ ಅಂಗಳದಲ್ಲಿ ಹುಲಿಗೆವ್ವ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ನನ್ನನ್ನು ನೋಡಿ ತಲೆ ಎತ್ತಲಿಲ್ಲ.

“ಅಕ್ಕಾರ, ಅಕಿನ್ನ ನೀವ ಇಟ್ಕೊಂಬಿಡ್ರಿ,” ಎಂದಳು. “ನನ್ನ ಕಡೆ ಏನೈತಿ? ಮನಿ ಇಲ್ಲ, ಕಾಲಿಲ್ಲ. ನಿಮ್ ಮನ್ಯಾಗ ಸಾಲಿ ಕಲೀತಾಳ, ಹೊಟ್ಟಿ ತುಂಬ ಉಣ್ತಾಳ. ಸಮಿತಿಯವರ ಮುಂದ ನಾನ ಹೇಳ್ತೀನಿ, ಕೊಟ್ಟೀನಿ ಅಂತ. ನಾ ಬರೋದು ಬಿಟ್ರ ಅಕಿ ಮರೀತಾಳ.”

ನಾನು ಏನೆಂದೆನೋ ನೆನಪಿಲ್ಲ. ಬಸ್ಸಿನಲ್ಲಿ ಕುಳಿತಾಗ ಮೈಯೆಲ್ಲ ನಡುಗುತ್ತಿತ್ತು. ದುಃಖಕ್ಕಲ್ಲ. ಆಸೆಗೆ. ಇಷ್ಟು ವರ್ಷ ಸಾಕಿದ ಮಕ್ಕಳಲ್ಲಿ ಒಂದನ್ನೂ ಯಾರೂ ನನಗೆ ಹೀಗೆ ಕೊಡುತ್ತೇನೆಂದಿರಲಿಲ್ಲ. ಆದೇಶ ಬಂದಾಗ ಕೊಟ್ಟು ಕೊಟ್ಟು ನನ್ನ ಕೈ ಖಾಲಿಯಾಗಿತ್ತು. ಮನೆಗೆ ಬಂದು ಹೇಳಿದಾಗ ನಮ್ಮವರ ಮುಖ ಅರಳಿದ್ದು ನನಗೆ ಕಂಡಿತು.

“ಅವರೇ ಹೇಳ್ತಿದ್ದಾರಲ್ಲ ನೀಲಾ. ನಾವೇನೂ ಕಿತ್ಕೊಂಡ ಹಾಗೆ ಆಗಲ್ವಲ್ಲ,” ಎಂದರು. ಆಮೇಲೆ ಎದ್ದು ಹೋಗಿ ಆ ನೀಲಿ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡತೊಡಗಿದರು.

ಮನಸ್ಸು ತಡೆಯದೆ ವಿಜಯನಗರಕ್ಕೆ, ಕಮಲಾ ಮೇಡಂ ಮನೆಗೆ ಹೋದೆ. ಅವರು ನಿವೃತ್ತರಾಗಿ ತಂಗಿಯ ಜೊತೆ ಇದ್ದರು. ಕಣ್ಣು ಮಂದವಾಗಿತ್ತು, ನಾಲಿಗೆ ಮಂದವಾಗಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಏನು ಮಾಡ್ಲಿ ಮೇಡಂ?”

“ನನ್ನನ್ನ ಯಾಕೆ ಕೇಳ್ತೀರಿ? ಅವಳು ಬೇಡ ಅಂದಿದ್ದು ಮಗುನಾ, ತನ್ನ ಕಷ್ಟಾನಾ? ಅದನ್ನ ಅವಳನ್ನೇ ಕೇಳಿ. ಮಗುನೇ ಬೇಡ ಅಂದ್ರೆ ಇಟ್ಕೊಳ್ಳಿ. ಕಷ್ಟ ಬೇಡ ಅಂದಿದ್ರೆ, ಕಷ್ಟಕ್ಕೇನಾದ್ರೂ ಮಾಡಿ.”

ನನಗೆ ಕೇಳುವ ಧೈರ್ಯವಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಅದಕ್ಕೇ. ಸಂಜೆ ದೇವರ ಮನೆಯ ಮುಂದೆ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಇದನ್ನೆಲ್ಲ ಹೇಳಿದೆ. “ನಾಳೆ ಆಟೋ ಕರಿ. ನಾನೂ ಬರ್ತೀನಿ,” ಎಂದರು. ಮನೆಯಿಂದ ಹೊರಗೆ ಹೋಗುವುದನ್ನೇ ಅವರು ಬಿಟ್ಟಿದ್ದ ಕಾಲ ಅದು.

ಕೆಂಗೇರಿಯ ಆ ಅಂಗಳದಲ್ಲಿ ಅತ್ತೆ ಕುರ್ಚಿಯಲ್ಲಿ ಕುಳಿತು, ಹುಲಿಗೆವ್ವನನ್ನು ಎದುರಿಗೆ ಕೂರಿಸಿಕೊಂಡರು. ಸುತ್ತು ಬಳಸು ಮಾತಿಲ್ಲ.

“ಕಾಲು ನೆಟ್ಟಗಿದ್ದಿದ್ರ ಮಗಳನ್ನ ಕೊಡ್ತಿದ್ದೇನವಾ?”

ಹುಲಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಜೀವ ಹೋದ್ರೂ ಕೊಡ್ತಿದ್ದಿಲ್ರಿ ಅಮ್ಮಾರ,” ಎಂದಳು. ಆಮೇಲೆ ಅತ್ತಳು. ಆಸ್ಪತ್ರೆಯಲ್ಲಿ ಮೂಳೆ ಎಳೆದಾಗಲೂ ಅಳದವಳು ಎಂದು ದಾದಿಯರು ಹೇಳುತ್ತಿದ್ದ ಹೆಂಗಸು.

ಅತ್ತೆ ಅವಳು ಅಳುವಷ್ಟು ಅಳಲಿ ಎಂದು ಬಿಟ್ಟರು. ಆಮೇಲೆ ಕೇಳಿದರು. “ಆತು. ಕುಂತು ಮಾಡೋ ಕೆಲ್ಸ ಏನು ಬರ್ತೈತಿ ನಿನಗ?”

“ಏನ್ ಬರ್ತೈತ್ರಿ... ರೊಟ್ಟಿ ಬಡೀತೀನಿ.”

ಅತ್ತೆ ನನ್ನ ಕಡೆ ತಿರುಗಿದರು. ಅವರೇನೂ ಹೇಳಬೇಕಾಗಿರಲಿಲ್ಲ, ನನಗೆ ಅರ್ಥವಾಯಿತು. ಮಲ್ಲತ್ತಹಳ್ಳಿಯಲ್ಲಿ ಶಾಂತಕ್ಕ ಎಂಬ ಗದಗಿನ ಹೆಂಗಸು ರೊಟ್ಟಿ ಅಂಗಡಿ ನಡೆಸುತ್ತಿದ್ದಳು. ನಮ್ಮ ಮನೆಗೂ ಅಲ್ಲಿಂದಲೇ ಜೋಳದ ರೊಟ್ಟಿ ಬರುತ್ತಿತ್ತು. ಉತ್ತರ ಕರ್ನಾಟಕದಿಂದ ಓದಲು, ದುಡಿಯಲು ಬಂದ ಹುಡುಗರೆಲ್ಲ ಅಲ್ಲೇ ಮುತ್ತಿಕೊಂಡಿರುತ್ತಿದ್ದರು. ಬಡಿಯುವ ಕೈ ಸಾಲದೆಂದು ಅವಳು ಸದಾ ಗೊಣಗುತ್ತಿದ್ದಳು. ಅಂಗಡಿಯ ಹಿಂದೆ ಒಂದು ಕೋಣೆಯೂ ಇತ್ತು.

ಶಾಂತಕ್ಕ ಒಪ್ಪಿದಳು. ಆದರೆ ಅವಳ ಒಲೆಗಳೆಲ್ಲ ನೆಲದ ಮೇಲೆ. ಹುಲಿಗೆವ್ವನಿಗೆ ಕಾಲು ಮಡಿಸಿ ಕೂರಲು ಆಗದು. ಮೊದಲ ದಿನವೇ ನೋವು ತಡೆಯಲಾರದೆ ಗೋಡೆ ಹಿಡಿದು ಎದ್ದು ನಿಂತಳು. ನಾನು ಮನೆಗೆ ಬಂದು, ಇದು ಆಗುವ ಹಾಗೆ ಕಾಣುವುದಿಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತೇನೋ. ನಮ್ಮವರು ನನ್ನ ಮುಖ ನೋಡಿದರು. ಚಪ್ಪಲಿ ಮೆಟ್ಟಿ ಹೊರಟರು. ಶಾಂತಕ್ಕನ ಅಂಗಡಿಗೆ ಹೋಗಿ ಹುಲಿಗೆವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ಮೊಣಕೈ ಎಲ್ಲಿಗೆ ಬರುತ್ತದೆಂದು ಟೇಪು ಹಿಡಿದು ಅಳತೆ ತೆಗೆದುಕೊಂಡರು. ಹಳೆಯ ಸ್ನೇಹಿತರೊಬ್ಬರ ವೆಲ್ಡಿಂಗ್ ಶೆಡ್ಡಿನಲ್ಲಿ ಕುಳಿತು ಕಬ್ಬಿಣದ ಒಂದು ಮೇಜು ಮಾಡಿದರು. ಒಂದು ಕಡೆ ಒಲೆ ಕೂರಲು ಜಾಗ, ಇನ್ನೊಂದು ಕಡೆ ರೊಟ್ಟಿ ಬಡಿಯಲು ಹಲಗೆ, ಕೆಳಗೆ ಕಾಲು ಚಾಚಲು ಅಡ್ಡಪಟ್ಟಿ. ಮಗುವನ್ನು ಕೊಡುವುದು ಬೇಡವೆಂದು ಅವರ ಮನಸ್ಸೆಲ್ಲ ಹೇಳುತ್ತಿರುವಾಗ ಅವರು ಅದನ್ನು ಮಾಡಿದರು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಹುಲಿಗೆವ್ವ ಆ ಮೇಜಿನ ಮುಂದೆ ಕುಳಿತು ಬಡಿದ ಮೊದಲ ರೊಟ್ಟಿ ಚಂದ್ರನ ಹಾಗಿತ್ತು. ಆ ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಗೇಟಿನ ಹತ್ತಿರ ಕುಳಿತಿದ್ದ ಪವಿತ್ರಾ ಓಡಲಿಲ್ಲ, ಅಳಲಿಲ್ಲ. ಎದ್ದು ಹೋಗಿ ತಾಯಿಯ ಕೋಲನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು, ಕೋಲಿದ್ದ ಜಾಗದಲ್ಲಿ ತಾನು ನಿಂತಳು.

ಪವಿತ್ರಾಳ ವಿಷಯ ಸಮಿತಿಯ ಮುಂದೆ ವಿಚಾರಣೆಗೆ ಬಂತು. ಅವರು ಎಲ್ಲವನ್ನೂ ನಿಧಾನವಾಗಿ ಕೇಳಿದರು. ಸದಸ್ಯರೊಬ್ಬರು ನನ್ನನ್ನು ಕೇಳಿದರು. “ನಿಮ್ಮ ಮನೇಲಿ ಮಗು ಚೆನ್ನಾಗಿದೆಯಲ್ಲಮ್ಮ. ಓದ್ತಿದೆ, ಮೈಕೈ ತುಂಬ್ಕೊಂಡಿದೆ. ಇನ್ನೂ ಸ್ವಲ್ಪ ವರ್ಷ ನಿಮ್ಮಲ್ಲೇ ಇರ್ಲಿ ಅಂದ್ರೆ ನಿಮ್ಮ ಅಭಿಪ್ರಾಯ ಏನು?”

ಬಸ್ಸಿನಲ್ಲಿ ನಡುಗುತ್ತ ಕುಳಿತಾಗ ನನ್ನನ್ನು ಯಾರಾದರೂ ಕೇಳಲಿ ಎಂದು ಹಾರೈಸಿದ್ದ ಪ್ರಶ್ನೆ ಅದು. ಪಕ್ಕದಲ್ಲಿ ನಮ್ಮವರು ನೆಲ ನೋಡುತ್ತಿದ್ದರು.

“ಇದ್ರೆ ನನಗೆ ಬಹಳ ಸಂತೋಷ ಸಾರ್,” ಎಂದೆ. “ಆದ್ರೆ ಅವರಮ್ಮ ದುಡೀತಿದ್ದಾರೆ, ಇರೋಕೆ ಕೋಣೆ ಇದೆ. ಶಾಲೆ ನಡ್ಕೊಂಡು ಹೋಗೋಷ್ಟು ಹತ್ರ ಇದೆ. ನಾವೂ ಹೋಗ್ತಾ ಬರ್ತಾ ಇರ್ತೀವಿ. ಅವಳು ಅವರ ಹತ್ರ ಇರ್ಬೇಕು.”

ಆಮೇಲೆ ಆ ಸದಸ್ಯರು ಮಗುವನ್ನು ಹತ್ತಿರ ಕರೆದು, “ಎಲ್ಲಿರ್ತೀಯಮ್ಮ ನೀನು?” ಎಂದರು.

ಪವಿತ್ರಾ ಒಬ್ಬೊಬ್ಬರ ಮುಖವನ್ನೇ ನೋಡಿದಳು. “ಸಾಲಿ ಇದ್ದಾಗ ಅವ್ವನ ಹತ್ರ. ರಜಾ ಇದ್ದಾಗ ಇವರ ಮನೆಗೆ,” ಎಂದಳು. ಅವಳ ಮಾತಿನಲ್ಲಿ ಕೊಪ್ಪಳ ಬೆಂಗಳೂರು ಎರಡೂ ಇದ್ದವು. ಸದಸ್ಯರು ನಕ್ಕರು. ನಾನು ಅಳಬಾರದೆಂದು ಕೈಚೀಲದ ಜಿಪ್ಪನ್ನು ಎಳೆಯುತ್ತ ಕುಳಿತಿದ್ದೆ.

ಅವಳನ್ನು ಒಮ್ಮೆಗೇ ಕಳಿಸಲಿಲ್ಲ. ಮೊದಲು ಹಗಲು ಮಾತ್ರ, ಆಮೇಲೆ ಶನಿವಾರ ಭಾನುವಾರ, ಆಮೇಲೆ ವಾರಪೂರ್ತಿ. ಕೊನೆಯ ದಿನ ನಮ್ಮವರು ಸೈಕಲ್ಲನ್ನು ಆಟೋಗೆ ಕಟ್ಟಿದರು. ಅತ್ತೆ ಹಣೆಗೆ ವಿಭೂತಿ ಇಟ್ಟು, “ಅವ್ವಗ ಕಾಡಬ್ಯಾಡ,” ಎಂದರು, ಅಷ್ಟೇ. ಒಳಗೆ ಹೋಗಿ ಮಲಗಿದವರು ರಾತ್ರಿ ಊಟಕ್ಕೂ ಏಳಲಿಲ್ಲ. ನಾವಿಬ್ಬರೂ ಟಿವಿ ಹಾಕಿಕೊಂಡು, ಅದರಲ್ಲಿ ಏನು ಬರುತ್ತಿದೆಯೆಂದು ತಿಳಿಯದೆ ನೋಡುತ್ತ ಕುಳಿತೆವು. ಇಂಥ ದಿನಗಳು ನಿನಗೂ ಬರುತ್ತವೆ ದೀಪಾ. ಅವತ್ತು ಮನೆಯಲ್ಲಿ ಅಡುಗೆ ಮಾಡಬೇಡ, ಹೊರಗಿನಿಂದ ಏನಾದರೂ ತರಿಸಿಕೋ. ಯಾರ ಸಮಾಧಾನದ ಮಾತೂ ಅವತ್ತು ಕೆಲಸಕ್ಕೆ ಬರುವುದಿಲ್ಲ.

ಕೆಲವು ವಾರಗಳಾದ ಮೇಲೆ ಹುಲಿಗೆವ್ವ ನಮ್ಮನ್ನು ಊಟಕ್ಕೆ ಕರೆದಳು. ಅತ್ತೆಯೂ ಬಂದರು. ಅವರು ಮನೆಯಿಂದ ಹೊರಗೆ ಹೋದದ್ದು ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಒಂದು ಚಾಪೆ, ಗೋಡೆಗೆ ಅವರ ಕಡೆಯ ದೇವಿ ಹುಲಿಗೆಮ್ಮನ ಪಟ, ಮೂಲೆಯಲ್ಲಿ ಪುಸ್ತಕದ ಚೀಲ. ಪವಿತ್ರಾ ನಮಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ ಬಡಿಸಿದಳು. ನಮ್ಮವರಿಗೆ ಒತ್ತಾಯ ಮಾಡಿ ಇನ್ನೊಂದು ರೊಟ್ಟಿ ಹಾಕಿದಳು. ಮನೆಯೊಡತಿಯ ಗತ್ತು.

ನಾವು ಉಂಡು ಕೂತಿರುವಾಗ ಹೊರಗಿನಿಂದ ಮಕ್ಕಳು ಕೂಗಿದವು. “ಪವೀ, ಬಾರೇ, ಕುಂಟೆಬಿಲ್ಲೆ ಆಡೋಣ!”

ಅವಳು ಬಾಗಿಲ ತನಕ ಓಡಿ, ಹೊಸ್ತಿಲಲ್ಲಿ ನಿಂತು, ಒಳಗೆ ತಿರುಗಿದಳು. ನಮ್ಮ ಮನೆಯಲ್ಲಿದ್ದಾಗ ಸೈಕಲ್ಲಿಗೆ, ಟಿವಿಗೆ, ಆಟಕ್ಕೆ, ಎಲ್ಲದಕ್ಕೂ ಅವಳು ನನ್ನನ್ನೇ ಕೇಳುತ್ತಿದ್ದಳು. “ಹೂಂ, ಹೋಗ್ಬಾ” ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು.

“ಅವ್ವಾ, ಹೋಗ್ಲೆ?” ಎಂದಳು.

ನಾನು ಮಜ್ಜಿಗೆಯ ಲೋಟ ಎತ್ತಿಕೊಂಡು ನನ್ನ ಮಾತನ್ನು ನುಂಗಿದೆ.

“ಹೋಗು. ಕತ್ತಲಾಗೋದ್ರಾಗ ಬಾ ಮತ್ತ,” ಎಂದಳು ಹುಲಿಗೆವ್ವ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ.

ನಾವು ಹೊರಟಾಗ ಪವಿತ್ರಾ ಓಣಿಯಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದಳು. ಗೆರೆ ತುಳಿಯಬಾರದೆಂದು ಕಣ್ಣೆಲ್ಲ ನೆಲದ ಮೇಲೆ. “ಟಾಟಾ ಆಂಟಿ, ಟಾಟಾ ತಾತಾ, ಟಾಟಾ ಅಜ್ಜಿ,” ಎಂದಳು, ತಲೆ ಎತ್ತದೆಯೇ. ಅತ್ತೆಯ ಕೈ ಹಿಡಿದು “ಬನ್ನಿ” ಎಂದೆ. ನಾವು ಅವಳ ಆಟಕ್ಕೆ ಅಡ್ಡ ಬಾರದಂತೆ ಗೋಡೆಯ ಪಕ್ಕದಲ್ಲಿ ಒಬ್ಬರ ಹಿಂದೊಬ್ಬರು ನಡೆದುಕೊಂಡು ಬಂದೆವು.